ನಾಸಿಕ್ ವೈನರಿ ನೋಡೋಕೆ ಜನವರಿ ಸರಿನಾ? ಅತ್ತೆ ಮಾವನೂ ಜೊತೆಗಿದ್ದಾರೆ

ಹೊಳೆದಂಡೆ_ಹರಿಹರ ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ಜನವರಿ ಕೊನೆ ವಾರ ನಾಸಿಕ್‌ಗೆ ಹೋಗೋಣ ಅಂತ ಇದ್ದೇವೆ. ನಾನು, ನಮ್ಮ ಯಜಮಾನರು, ಜೊತೆಗೆ ಅತ್ತೆ ಮಾವ. ಅವರಿಬ್ಬರಿಗೂ ತ್ರ್ಯಂಬಕೇಶ್ವರ, ಪಂಚವಟಿ ನೋಡಬೇಕು ಅಂತ ಬಹಳ ವರ್ಷದ ಆಸೆ. ನಮ್ಮಿಬ್ಬರಿಗೆ ದ್ರಾಕ್ಷಿ ತೋಟ ಓಡಾಡಬೇಕು, ವೈನ್ ಹೇಗೆ ಮಾಡುತ್ತಾರೆ ಅಂತ ಕಣ್ಣಾರೆ ನೋಡಬೇಕು, ಒಂದೆರಡು ಕಡೆ ರುಚಿ ನೋಡಬೇಕು. ಕುಡಿಯೋದೇ ಮುಖ್ಯ ಅಲ್ಲ, ನನಗೆ ಆ ಜಾಗ ನೋಡೋದೇ ಜಾಸ್ತಿ ಇಷ್ಟ.

ಗೊತ್ತಿಲ್ಲದ ವಿಷಯ ಬಹಳ ಇದೆ. ಸುಲಾ ಹೆಸರು ಬಿಟ್ಟರೆ ಬೇರೆ ಯಾವುದೂ ಕೇಳಿಲ್ಲ. ಒಂದು ದಿನಕ್ಕೆ ಎಷ್ಟು ವೈನರಿ ನೋಡಬಹುದು? ಉಳಿದುಕೊಳ್ಳೋದು ಊರೊಳಗಾ, ತೋಟದ ಕಡೆನಾ? ಮಾವ ಕಾಫಿ ಬಿಟ್ಟು ಇನ್ನೇನೂ ಮುಟ್ಟದವರು, ಅವರನ್ನ ವೈನರಿಗೆ ಕರೆದುಕೊಂಡು ಹೋದರೆ ಮುಜುಗರ ಆಗುತ್ತಾ, ಅಥವಾ ಕುಟುಂಬ ಸಮೇತ ಹೋಗುವಂಥ ಜಾಗನಾ? ಇನ್ನೊಂದು, ನಮ್ಮ ನಂದಿಬೆಟ್ಟದ ಹತ್ತಿರವೇ ವೈನರಿ ಇರುವಾಗ ಅಷ್ಟು ದೂರ ಯಾಕೆ ಅಂತ ತಮ್ಮ ಕೇಳುತ್ತಿದ್ದಾನೆ. ಹೋಗಿ ಬಂದವರು ದಯವಿಟ್ಟು ಬಿಡಿಸಿ ಹೇಳಿ.

---

ಓಝರ್_ಕನ್ನಡಿಗ ಉತ್ತರ:

ಮೇಡಂ, ನಾನು ಇಲ್ಲೇ ಓಝರ್‌ನಲ್ಲಿ ಇರೋದು, ಎಚ್‌ಎಎಲ್ ಕೆಲಸ. ಧೈರ್ಯವಾಗಿ ಅತ್ತೆ ಮಾವನ್ನ ಕರೆದುಕೊಂಡು ಬನ್ನಿ. ಶನಿವಾರ ಭಾನುವಾರ ಇಲ್ಲಿನ ಮರಾಠಿ ಕುಟುಂಬಗಳು ಅಜ್ಜಿ ಮೊಮ್ಮಕ್ಕಳ ಸಮೇತ ಬರುತ್ತವೆ. ಕುಡಿಯದವರು ಮಹಡಿ ಮೇಲೆ ಕೂತು ತೋಟ ನೋಡಿಕೊಂಡು ಊಟ ಮಾಡುತ್ತಾರೆ. ಸಸ್ಯಾಹಾರ ಸಿಗುತ್ತದೆ, ಚಿಂತೆ ಬೇಡ.

ಮೊದಲು ದಿಕ್ಕು ತಿಳಿದುಕೊಳ್ಳಿ. ಎಲ್ಲ ವೈನರಿ ಒಂದೇ ಕಡೆ ಇಲ್ಲ. ಊರಿನ ಪಶ್ಚಿಮಕ್ಕೆ ಗೋದಾವರಿಗೆ ಕಟ್ಟಿರೋ ಗಂಗಾಪುರ ಅಣೆಕಟ್ಟು ಇದೆ, ಅದರ ಆಸುಪಾಸಿನಲ್ಲಿ ಸುಲಾ, ಯಾರ್ಕ್, ಸೋಮಾ. ಈ ಮೂರೂ ಒಂದಕ್ಕೊಂದು ಹತ್ತಿರ. ಉತ್ತರಕ್ಕೆ ದಿಂಡೋರಿ, ಅಲ್ಲಿ ತೋಟ ಬಹಳ. ಪೂರ್ವಕ್ಕೆ ನಿಫಾಡ್, ಅಲ್ಲಿ ರೆವೆಯ್ಲೋ. ದಕ್ಷಿಣಕ್ಕೆ ಮುಂಬೈ ರಸ್ತೆಯಲ್ಲಿ ಇಗತ್‌ಪುರಿ ಕಡೆ ವಲೋನ್, ಗ್ರೋವರ್ ಜಂಪಾ. ಒಂದೇ ದಿನ ನಾಲ್ಕು ದಿಕ್ಕಿಗೂ ಓಡಿದರೆ ಕಾರಲ್ಲೇ ದಿನ ಮುಗಿಯುತ್ತದೆ. ದಿನಕ್ಕೆ ಎರಡು ಸಾಕು. ಅದಕ್ಕಿಂತ ಜಾಸ್ತಿ ಆದರೆ ಮೂರನೇ ಕಡೆ ಕುಡಿದದ್ದು ಏನು ಅಂತಲೇ ನಾಲಿಗೆಗೆ ತಿಳಿಯೋದಿಲ್ಲ.

ತ್ರ್ಯಂಬಕೇಶ್ವರ ನಾಸಿಕ್‌ನಿಂದ ಸುಮಾರು 30 ಕಿಲೋಮೀಟರ್. ಅದನ್ನೂ ವೈನರಿಯನ್ನೂ ಒಂದೇ ದಿನಕ್ಕೆ ತುರುಕಬೇಡಿ. ದರ್ಶನಕ್ಕೆ ಎಷ್ಟು ಹೊತ್ತು ನಿಲ್ಲಬೇಕಾಗುತ್ತದೆ ಅಂತ ಯಾರೂ ಹೇಳೋಕಾಗಲ್ಲ, ಸೋಮವಾರ ಅಂತೂ ತಪ್ಪಿಸಿ. ನಸುಕಿನಲ್ಲೇ ಹೊರಟು ದರ್ಶನ ಮುಗಿಸಿ, ಮಧ್ಯಾಹ್ನ ಮಲಗಿ, ಸಂಜೆ ಪಂಚವಟಿ, ಕಾಳಾರಾಮ ಮಂದಿರ, ರಾಮಕುಂಡ ನೋಡಲಿ. ಅದು ಹಿರಿಯರ ದಿನ. ಮಾರನೇ ದಿನ ನಿಮ್ಮದು.

ಮುಖ್ಯವಾದ ಮಾತು. ಜನವರಿ 26 ಡ್ರೈ ಡೇ, ಅಂದರೆ ಮದ್ಯ ಮಾರದ ದಿನ. ಅವತ್ತು ಎಲ್ಲೂ ಟೇಸ್ಟಿಂಗ್ ಇರೋದಿಲ್ಲ. ರಜೆ ಇದೆ ಅಂತ ಅದೇ ದಿನಕ್ಕೆ ಟಿಕೆಟ್ ಮಾಡಿಸಿ ಬರುವವರನ್ನ ಪ್ರತಿ ವರ್ಷ ನೋಡುತ್ತೇನೆ. ವೈನ್‌ಗೆ ಇಲ್ಲಿ ವಯಸ್ಸು 21 ತುಂಬಿರಬೇಕು, ಗುರುತಿನ ಚೀಟಿ ಇಟ್ಟುಕೊಳ್ಳಿ. ಕಾರಿಗೆ ಡ್ರೈವರ್ ಇರಲೇಬೇಕು. ಬರೀ ರುಚಿ ನೋಡಿದ್ದು ಅಂದರೂ ಐದಾರು ಲೋಟ ಸೇರಿದರೆ ಲೆಕ್ಕ ದಾಟುತ್ತದೆ, ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಎಂಜಿ ಆಲ್ಕೋಹಾಲ್ ಅಷ್ಟೇ.

---

ತಿಕೋಟಾ_ದ್ರಾಕ್ಷಿ ಉತ್ತರ:

ಅಕ್ಕಾರ, ನಮಸ್ಕಾರ. ನಾವು ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರು. ನಮ್ಮದು ಒಣದ್ರಾಕ್ಷಿ ಮಾಡುವ ತೋಟ, ವೈನ್‌ದಲ್ಲ. ಆದರೆ ನಾಸಿಕ್ ಕಡೆ ತೋಟ ನೋಡೋಕೆ ನಾವು ರೈತರು ಹೋಗಿ ಬರುತ್ತಿರುತ್ತೇವೆ. ಅದಕ್ಕೇ ತೋಟದ ಬಗ್ಗೆ ಒಂದೆರಡು ಮಾತು.

ಜನವರಿ ಕೊನೆ ಅಂದಿರಲ್ಲ, ಬಹಳ ಒಳ್ಳೆ ಹೊತ್ತು. ಯೂರೋಪಿನಲ್ಲಿ ದ್ರಾಕ್ಷಿ ಬಳ್ಳಿ ಚಳಿಗೆ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ನಮ್ಮ ಕಡೆ ಅಂಥ ಚಳಿ ಇಲ್ಲ, ಬಳ್ಳಿ ಮಲಗುವುದೇ ಇಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಬಳ್ಳಿ ಸವರೋದು, ಮಾಡುತ್ತೇವೆ. ಏಪ್ರಿಲ್‌ನಲ್ಲಿ ಒಂದು, ಅದು ಕಡ್ಡಿ ಮಾಡಿಕೊಳ್ಳೋಕೆ. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಇನ್ನೊಂದು, ಅದು ಹಣ್ಣಿಗೆ. ಚಾಟ್ನಿ ಎರಡು, ಬೆಳೆ ಒಂದೇ. ಮಳೆಗಾಲದಲ್ಲಿ ಹಣ್ಣು ಬಂದರೆ ಕೊಳೆತು ಹೋಗುತ್ತದೆ, ಅದಕ್ಕೇ ಮೊದಲ ಚಾಟ್ನಿಯ ನಂತರ ಹಣ್ಣು ಬಿಡಿಸೋದಿಲ್ಲ. ನಾಸಿಕ್‌ನಲ್ಲೂ ಇದೇ ಕ್ರಮ. ಹಣ್ಣು ಕೀಳೋದು ಜನವರಿಯಿಂದ ಮಾರ್ಚ್ ತನಕ. ಅಕ್ಟೋಬರ್‌ನಲ್ಲಿ ಹೋದವರಿಗೆ ಬೋಳು ಕಡ್ಡಿ, ತಂತಿ ಅಷ್ಟೇ ಕಾಣುತ್ತದೆ. ಮಳೆಗಾಲದಲ್ಲಿ ಗುಡ್ಡ ಎಲ್ಲ ಹಸಿರಾಗಿ ಕಣ್ಣಿಗೆ ಹಬ್ಬ, ಆದರೆ ಬಳ್ಳಿಯಲ್ಲಿ ಗೊನೆ ಇರೋದಿಲ್ಲ.

ತೋಟದಲ್ಲಿ ಗೈಡ್ ಬಂದರೆ ವೈನ್ ದ್ರಾಕ್ಷಿ ಒಂದೆರಡು ಕೇಳಿ ಇಸಿದುಕೊಂಡು ತಿನ್ನಿ. ಅವರನ್ನ ಕೇಳದೆ ಕೀಳಬೇಡಿ, ಔಷಧಿ ಹೊಡೆದಿರುತ್ತಾರೆ. ಅಂಗಡಿಯ ದ್ರಾಕ್ಷಿಗಿಂತ ಕಾಳು ಸಣ್ಣದು, ಸಿಪ್ಪೆ ದಪ್ಪ, ಬೀಜ ಇರುತ್ತದೆ, ಸಿಹಿ ಮಾತ್ರ ಬಹಳ ಜಾಸ್ತಿ. ಶಿರಾಜ್ ಅನ್ನೋ ಕೆಂಪು ವೈನ್ ತಳಿಯ ಹಣ್ಣು ಸಿಕ್ಕರೆ ಬೆರಳಲ್ಲಿ ಹಿಚುಕಿ ನೋಡಿ. ಒಳಗಿನ ತಿರುಳಿಗೆ ಬಣ್ಣವೇ ಇಲ್ಲ. ಸಿಪ್ಪೆ ಉಜ್ಜಿದರೆ ಬೆರಳು ನೇರಳೆ ಆಗುತ್ತದೆ. ಕೆಂಪು ವೈನ್‌ನ ಬಣ್ಣ ಎಲ್ಲಾ ಆ ಸಿಪ್ಪೆಯದು. ರಸದ ಜೊತೆ ಸಿಪ್ಪೆಯನ್ನೂ ಹುದುಗಿಸಿದರೆ ಕೆಂಪು, ಮೊದಲೇ ಹಿಂಡಿ ಸಿಪ್ಪೆ ತೆಗೆದರೆ ಬಿಳಿ. ಇದನ್ನ ಕೈಯಲ್ಲಿ ಹಿಡಿದು ನೋಡಿ ಆಮೇಲೆ ಒಳಗೆ ಹೋದರೆ ಅವರು ಹೇಳೋದು ಪೂರ್ತಿ ಅರ್ಥ ಆಗುತ್ತದೆ.

ಬೆಳಿಗ್ಗೆ ಬೇಗ ಹೋಗಿ. ವೈನ್ ಹಣ್ಣನ್ನ ತಂಪು ಹೊತ್ತಿನಲ್ಲೇ ಕೀಳುತ್ತಾರೆ, ಬಿಸಿಲಿಗೆ ಕಾದ ಹಣ್ಣು ಕ್ರೇಟ್‌ನಲ್ಲೇ ಹುಳಿಯೋಕೆ ಶುರು ಮಾಡುತ್ತದೆ. ಹನ್ನೊಂದಕ್ಕೆ ಹೋದರೆ ಆ ಕೆಲಸ ನೋಡೋಕೆ ಸಿಗೋದಿಲ್ಲ. ಕೊಯ್ಲು ಮಾಡುವ ಹೆಣ್ಣುಮಕ್ಕಳ ಕೈ ನೋಡಬೇಕು ಅಕ್ಕಾರ, ಕತ್ತರಿ ಓಡಿದ್ದೇ ಕಾಣೋದಿಲ್ಲ, ಅಷ್ಟು ಚುರುಕು. ವೈನ್ ಬಗ್ಗೆ ಬರೆಯುವವರು ಅವರ ಬಗ್ಗೆ ಬರೆಯೋದೇ ಇಲ್ಲ, ನನಗೆ ಅದು ಬೇಜಾರು.

---

ಬಸವನಗುಡಿ_ವಿದ್ಯಾ ಉತ್ತರ:

ತಿಕೋಟಾದವರು ತೋಟ ಹೇಳಿದರು, ನಾನು ಒಳಗಿನದು ಹೇಳುತ್ತೇನೆ.

ನಾಸಿಕ್‌ನಲ್ಲಿ ಟೇಬಲ್ ದ್ರಾಕ್ಷಿ, ಅಂದರೆ ತಿನ್ನುವ ದ್ರಾಕ್ಷಿ, ಹಿಂದಿನಿಂದಲೂ ಇತ್ತು, ಆದರೆ ವೈನ್ ಊರು ಅಂತ ಹೆಸರು ಬಂದದ್ದು 1990ರ ದಶಕದ ಕೊನೆಯಲ್ಲಿ ರಾಜೀವ್ ಸಾಮಂತ್ ಅಮೆರಿಕದಿಂದ ವಾಪಸ್ ಬಂದು ತಮ್ಮ ಮನೆತನದ ಜಮೀನಿನಲ್ಲಿ ಸುಲಾ ಶುರು ಮಾಡಿದ ಮೇಲೆ. ಸುವಿನ್ಯೋನ್ ಬ್ಲಾಂಕ್, ಶೆನಿನ್ ಬ್ಲಾಂಕ್ ಅನ್ನೋ ಬಿಳಿ ವೈನ್ ತಳಿ ಇಲ್ಲಿ ಬಂದದ್ದೂ ಅವರಿಂದಲೇ. ಹಾಗಾಗಿ ಸುಲಾ ಒಂದು ನೋಡಲೇಬೇಕು, ಜನ ಜಾಸ್ತಿ ಅಂತ ಬಿಡಬೇಡಿ. ವಾರದ ಮಧ್ಯೆ ಬೆಳಿಗ್ಗೆಯ ಮೊದಲ ಟೂರ್‌ಗೆ ಹೋಗಿ, ಗೈಡ್ ನಿಮ್ಮ ಪ್ರಶ್ನೆಗೆಲ್ಲ ನಿಂತು ಉತ್ತರ ಕೊಡುತ್ತಾರೆ. ವಾರಾಂತ್ಯದಲ್ಲಿ ಗುಂಪಲ್ಲಿ ಹಿಂದೆ ನಿಂತವರಿಗೆ ಏನೂ ಕೇಳಿಸೋದಿಲ್ಲ.

ಟ್ಯಾಂಕ್ ಇರುವ ಕಡೆ ಹೋದಾಗ ಗಮನಿಸಿ. ಸ್ಟೀಲ್ ಟ್ಯಾಂಕ್‌ನ ಸುತ್ತ ಒಂದು ಪಟ್ಟಿಯಂತೆ ಇರುತ್ತದೆ, ಅದರೊಳಗೆ ತಣ್ಣನೆ ದ್ರವ ಹರಿಯುತ್ತಿರುತ್ತದೆ. ಕೊಯ್ಲಿನ ಕಾಲದಲ್ಲಿ ಆ ಭಾಗದ ಹೊರಗೆ ನೀರ ಹನಿ ಕಟ್ಟಿ ಇಳಿಯುತ್ತಿರುತ್ತದೆ, ಅದರ ಮೇಲಿನ ಕೆಳಗಿನ ಭಾಗ ಒಣಗಿರುತ್ತದೆ. ಹುದುಗುವಾಗ ರಸ ತಾನಾಗಿಯೇ ಬಿಸಿ ಆಗುತ್ತದೆ. ಬಿಸಿ ಏರಿದರೆ ಬಿಳಿ ವೈನ್‌ನ ಹಣ್ಣಿನ ಘಮ ಎಲ್ಲ ಹಾರಿಹೋಗುತ್ತದೆ, ಅದಕ್ಕೆ ಅಷ್ಟು ತಂಪು. ನಮ್ಮಂಥ ಬಿಸಿಲಿನ ದೇಶದಲ್ಲಿ ಬಿಳಿ ವೈನ್ ಚೆನ್ನಾಗಿ ಬರೋಕೆ ಈ ಟ್ಯಾಂಕೇ ಕಾರಣ ಅಂತ ನನ್ನ ಅಭಿಪ್ರಾಯ. ಪಕ್ಕದ ಬ್ಯಾರೆಲ್ ಕೋಣೆಯಲ್ಲಿ ಓಕ್ ಮರದ ವಾಸನೆ ಬೇರೆ ಥರ. ಅಲ್ಲಿ ಸ್ವಲ್ಪ ಹೊತ್ತು ನಿಂತುಕೊಳ್ಳಿ.

ಟೇಸ್ಟಿಂಗ್‌ನಲ್ಲಿ ಲೋಟ ಖಾಲಿ ಮಾಡಲೇಬೇಕು ಅಂತಿಲ್ಲ. ಉಗುಳೋಕೆ, ಚೆಲ್ಲೋಕೆ ಪಾತ್ರೆ ಇಟ್ಟಿರುತ್ತಾರೆ. ಸಂಕೋಚ ಬೇಡ, ವೈನ್ ತಿಳಿದವರೂ ಹಾಗೇ ಮಾಡೋದು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಬೆಳಿಗ್ಗೆ ಮಿಸಳ್ (ಮೊಳಕೆ ಕಾಳಿನ ಖಾರದ ತಿಂಡಿ) ತಿಂದು ಹೋಗೋದಾದರೆ ಖಾರ ಕಮ್ಮಿ ಹಾಕಿಸಿಕೊಳ್ಳಿ, ಆ ರಸ್ಸಾದ ಖಾರ ನಾಲಿಗೆ ಮೇಲೆ ಕೂತರೆ ಮಧ್ಯಾಹ್ನದ ತನಕ ಬೇರೆ ರುಚಿ ಹತ್ತೋದಿಲ್ಲ.

ನಿಮ್ಮ ತಮ್ಮನ ಪ್ರಶ್ನೆಗೆ: ನಂದಿಯೂ ಚೆನ್ನಾಗಿದೆ. ಗ್ರೋವರ್‌ನವರು 1988ರಲ್ಲೇ ದೊಡ್ಡಬಳ್ಳಾಪುರದ ಹತ್ತಿರ ಶುರು ಮಾಡಿದವರು, ಅಂದರೆ ಸುಲಾಗಿಂತ ಮೊದಲು. ಚನ್ನಪಟ್ಟಣದ ಹತ್ತಿರ ಡೊಮೇನ್ ಸುಲಾ ಇದೆ, ಮೈಸೂರಿಗೆ ಹೋಗುವಾಗ ನೋಡಬಹುದು. ಆದರೆ ಇವೆಲ್ಲ ಒಂದು ದಿನದಲ್ಲಿ ಹೋಗಿ ಬರುವಂಥದ್ದು. ನಾಸಿಕ್‌ನಲ್ಲಿ ಆ ಇಡೀ ಸೀಮೆಯೇ ದ್ರಾಕ್ಷಿಯದು, ರಸ್ತೆ ಬದಿ ಬುಟ್ಟಿ, ಟ್ರ್ಯಾಕ್ಟರ್, ಸಂತೆ ಎಲ್ಲ ಅದೇ. ಎರಡನ್ನೂ ಹೋಲಿಸಬೇಡಿ, ಎರಡನ್ನೂ ನೋಡಿ.

---

ಘಟ್ಟದ_ಗಾಳಿ ಉತ್ತರ:

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಜಾಗ ನೋಡೋದು ಇಷ್ಟ ಅಂದಿದ್ದೀರಿ, ಹಾಗಾದರೆ ಗಂಗಾಪುರದ ಕಡೆ ಒಂದೇ ವೈನರಿ ಇಟ್ಟುಕೊಂಡು ಇನ್ನೊಂದಕ್ಕೆ ಇಗತ್‌ಪುರಿ ಕಡೆ ಬನ್ನಿ. ವಲೋನ್ ಸಣ್ಣ ವೈನರಿ, ಮುಕಣೆ ಅಣೆಕಟ್ಟಿನ ಹಿನ್ನೀರು ಎದುರಿಗೇ ಕಾಣುತ್ತದೆ, ಹಿಂದೆ ಸಹ್ಯಾದ್ರಿ. ಸಣ್ಣ ವೈನರಿಯಲ್ಲಿ ಕೆಲಸ ಮಾಡುವವರ ಜೊತೆಯೇ ಮಾತಾಡೋಕೆ ಸಿಗುತ್ತದೆ, ನನಗೆ ಅದೇ ಮುಖ್ಯ. ಇಂಥ ಕಡೆ ಮೊದಲೇ ಫೋನ್ ಮಾಡಿ ಹೋಗಿ, ಸುಮ್ನೆ ಹೋಗಿ ಬಾಗಿಲು ತಟ್ಟಿದರೆ ಆಗಲ್ಲ.

ಗಂಗಾಪುರದ ಕಡೆ ಅಂದರೆ ಸಂಜೆಗೆ ಯಾರ್ಕ್ ಇಟ್ಟುಕೊಳ್ಳಿ. ಅದನ್ನ 2021ರಲ್ಲಿ ಸುಲಾದವರೇ ತೆಗೆದುಕೊಂಡರು, ಆದರೂ ಅಲ್ಲಿನ ಮಹಡಿಯಿಂದ ಹಿನ್ನೀರು ನೋಡೋದು ಬೇರೆಯೇ. ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಅವರಿಗೂ ಹಿಡಿಸುತ್ತದೆ.

ರೈಲಿನಲ್ಲಿ ಬರೋದಾದರೆ ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದು ಮನ್ಮಾಡ್‌ನಲ್ಲಿ ಇಳಿಯಿರಿ, ಅಲ್ಲಿಂದ ನಾಸಿಕ್ ರೋಡ್‌ಗೆ ರೈಲುಗಳು ಬೇಕಾದಷ್ಟು. ನಾಸಿಕ್ ರೋಡ್ ಸ್ಟೇಷನ್ ಊರಿಂದ ಸ್ವಲ್ಪ ದೂರ, ಟ್ಯಾಕ್ಸಿ ಮಾಡಿಕೊಳ್ಳಿ. 2027ರಲ್ಲಿ ಕುಂಭಮೇಳ ಇದೆ, ಆ ಹೊತ್ತಿಗೆ ಮಾತ್ರ ಈ ಪ್ಲಾನ್ ಹಾಕಬೇಡಿ, ರೂಮೂ ಸಿಗಲ್ಲ, ರಸ್ತೆಯೂ ಸಿಗಲ್ಲ.

---

ಹೊಳೆದಂಡೆ_ಹರಿಹರ ಉತ್ತರ:

ಎಲ್ಲರಿಗೂ ತುಂಬಾ ಧನ್ಯವಾದ. ಡ್ರೈ ಡೇ ವಿಷಯ ಹೇಳಿದ್ದಕ್ಕೆ ಓಝರ್ ಅಣ್ಣನಿಗೆ ಎರಡು ಸಲ. 26ನ್ನ ದೇವಸ್ಥಾನಕ್ಕೆ ಇಡೋಣ ಅಂದುಕೊಂಡೆ, ಆದರೆ ರಜೆ ಅಲ್ವಾ, ಜನ ಜಾಸ್ತಿ ಇರುತ್ತಾರೆ. ಹಾಗಾಗಿ 27ಕ್ಕೆ ಹೊರಡುತ್ತೇವೆ. ಮೊದಲ ಎರಡು ರಾತ್ರಿ ಪಂಚವಟಿ ಹತ್ತಿರ, ಆಮೇಲೆ ಒಂದು ರಾತ್ರಿ ತೋಟದ ಕಡೆ. ತಿಕೋಟಾ ಅಣ್ಣ, ನೀವು ಬರೆದದ್ದನ್ನ ಮಾವನಿಗೆ ಓದಿ ಹೇಳಿದೆ. ಅವರೂ ರೈತರೇ, ಚಾಟ್ನಿ ವಿಷಯ ಕೇಳಿ ಬೆಳಿಗ್ಗೆ ಕೊಯ್ಲು ನೋಡೋಕೆ ನಾನೂ ಬರುತ್ತೇನೆ ಅಂದರು. ಅವರಿಗೆ ಅಲ್ಲಿ ಏನು ಕೇಳಿದರೆ ಒಳ್ಳೇದು?

---

ತಿಕೋಟಾ_ದ್ರಾಕ್ಷಿ ಉತ್ತರ:

ಬಹಳ ಸಂತೋಷ ಅಕ್ಕಾರ. ಮಾವನವರಿಗೆ ಹೇಳಿ, ಬಳ್ಳಿಯ ಬುಡ ನೋಡಲಿ. ನೆಲದಿಂದ ಸ್ವಲ್ಪ ಮೇಲೆ ಕಸಿ ಕಟ್ಟಿದ ಗಂಟು ಕಾಣುತ್ತದೆ. ಕೆಳಗಿನದು ಬರ, ಸವಳು ತಡೆಯುವ ಬೇರು, ಮೇಲಿನದು ವೈನ್ ತಳಿ. ಯಾವ ಬೇರಿನ ಮೇಲೆ ಕಸಿ ಮಾಡಿದ್ದೀರಿ, ಎಕರೆಗೆ ಎಷ್ಟು ಟನ್ ಬಿಡುತ್ತೀರಿ ಅಂತ ಕೇಳಲಿ. ನಾವು ತೂಕಕ್ಕೆ ಬೆಳೆಯುತ್ತೇವೆ. ಒಳ್ಳೆ ವೈನ್ ಬೇಕು ಅನ್ನುವವರು ಗೊನೆ ಕಮ್ಮಿ ಬಿಟ್ಟು ಉಳಿದದ್ದನ್ನ ಕಿತ್ತು ಕೆಳಗೆ ಹಾಕುತ್ತಾರೆ. ರೈತನಿಗೆ ಅದು ನೋಡೋಕೇ ಕಷ್ಟ, ಆದರೆ ಉಳಿದ ಗೊನೆಗೆ ರುಚಿ ಕೂಡೋದು ಅದರಿಂದಲೇ. ಕಂಪನಿ ಜೊತೆ ಎಷ್ಟು ವರ್ಷದ ಕರಾರು, ದರ ಮೊದಲೇ ಗೊತ್ತು ಮಾಡುತ್ತಾರಾ ಅನ್ನೋದನ್ನೂ ಅಲ್ಲಿನ ರೈತರು ಸಿಕ್ಕರೆ ವಿಚಾರಿಸಲಿ. ಏನು ಹೇಳಿದರು ಅಂತ ಬಂದು ಇಲ್ಲೇ ಬರೆಯಿರಿ, ನಮಗೂ ಬೇಕು.