ಅಪ್‌ಡೇಟ್: ಶಿರಸಿ ಗೋದಾಮಿನ ಹಮಾಲರ ಸೊಂಟನೋವು

ದೀಪಾವಳಿ ಕಳೆದ ಮೇಲೆ ಕೇಳಿದ್ದೆ: ಶಿರಸಿಯ ನಮ್ಮ ಅಡಿಕೆ ಗೋದಾಮಿನಲ್ಲಿ 65 ಕೆಜಿ ಚೀಲ ಹೊರುವ ನಾಲ್ವರಲ್ಲಿ ಇಬ್ಬರಿಗೆ ಸೊಂಟ ಹಿಡಿದಿದೆ, ಬೆಲ್ಟ್ ಕೊಡಿಸಲೇ ಎಂದು. ಬೆಲ್ಟ್ ಬಿಡಿ, ಮೊದಲು ಭಾರ ಇಳಿಸಿ ಅಂದವರಿಗೆ ನಾನು ಋಣಿ.

ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಗಂಡಾಳಿಗೆ 55 ಕೆಜಿ ಮಿತಿ ಎಂದು ಶಿಫಾರಸು ಮಾಡಿತ್ತಂತೆ. ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಯೋಶ್ (NIOSH), ಅದರ ಭಾರ ಎತ್ತುವ ಸೂತ್ರದಲ್ಲಿ ಎಲ್ಲ ಅನುಕೂಲವಿದ್ದರೂ ಮಿತಿ 23 ಕೆಜಿ; ನೆಲದಿಂದ ಬಗ್ಗಿ ಎತ್ತಿದರೆ, ಮೈ ತಿರುಚಿದರೆ ಇನ್ನೂ ಕಡಿಮೆ. ಓದಿ ನಾಚಿಕೆಯಾಯಿತು.

ಈಗ 30 ಕೆಜಿ ಚೀಲ, ಅದನ್ನೂ ಇಬ್ಬರು ಸೇರಿ ಎತ್ತುತ್ತಾರೆ. ತಕ್ಕಡಿಯ ಪಕ್ಕ ಸೊಂಟದೆತ್ತರದ ಕಟ್ಟೆ, ಸಾಗಿಸಲು ಕೈಗಾಡಿ.

ತೊಡಕಾದದ್ದು ಕೂಲಿ. "ಒಡೆಯಾ, ಭಾರ ಕಮ್ಮಿ ಆದ್ರೆ ನಮ್ಮ ದುಡ್ಡೂ ಕಮ್ಮಿ ಆಗ್ತದಲ್ರಾ?" ಅಂದರು ಹಿರಿಯ ಹಮಾಲರು. ಚೀಲದ ಲೆಕ್ಕದ ಕೂಲಿಯೇ ಅವರನ್ನು ಓಡೋಡಿ ಹೊರುವಂತೆ ಮಾಡಿತ್ತು, ಇದು ನನಗೆ ಹೊಳೆದೇ ಇರಲಿಲ್ಲ. ದಿನಗೂಲಿ ಮಾಡಿದೆ, ಮೊದಲಿನ ಗಳಿಕೆಗೆ ಕಡಿಮೆಯಾಗದಂತೆ. ನಡುವೆ ಎರಡು ಸಲ ವಿಶ್ರಾಂತಿ. ಲೋಡಿಂಗ್ ಅರ್ಧ ಗಂಟೆ ತಡವಾಗುತ್ತದೆ, ಆಗಲಿ.

ಒಬ್ಬರು ಕೆಲಸಕ್ಕೆ ಮರಳಿದ್ದಾರೆ. ಇನ್ನೊಬ್ಬರಿಗೆ ಕಾಲು ಜೋಮು ಹಿಡಿಯುವುದು ನಿಂತಿಲ್ಲ. ಸೋಮವಾರ ಮೂಳೆ ಡಾಕ್ಟರ ಹತ್ತಿರ ನಾನೇ ಕರೆದೊಯ್ಯುತ್ತಿದ್ದೇನೆ.