ಸಾಣೆ ಹಿಡಿಸಿದ ಮೇಲೆ ಚಾಕು ಮಧ್ಯಾಹ್ನಕ್ಕೇ ಮೊಂಡಾಗುತ್ತಿದೆ: ಹೊಸದು ಕೊಳ್ಳಬೇಕೇ?

ಶ್ರೀನಿವಾಸಪುರದ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಸಂತೆಯಲ್ಲಿ ಕೊಂಡ, ಮಡಚಲು ಬಾರದ, ಮರದ ಹಿಡಿಯ ಚಾಕು ನನ್ನದು. ಅಲಗು ನಾಲ್ಕು ಇಂಚು, ತುಕ್ಕು ಹಿಡಿಯುವ ಜಾತಿಯ ಉಕ್ಕು. ಟೊಮೆಟೊ ಗಿಡ ಕಟ್ಟುವ ದಾರ, ಗೊಬ್ಬರದ ಚೀಲ, ಡ್ರಿಪ್ ಪೈಪು, ಕೊನೆಗೆ ತೋಟದಲ್ಲಿ ಮಾವಿನಕಾಯಿ ಹೆಚ್ಚಲೂ ಅದೇ. ಈಚೆಗೆ ಮೋಟಾರ್ ಸಾಣೆ ಇರುವ ಅಂಗಡಿಯೊಂದರಲ್ಲಿ ಹರಿತ ಮಾಡಿಸಿದೆ. ಬೆಳಿಗ್ಗೆ ಕೈಮೇಲಿನ ಕೂದಲು ಬೋಳಿಸುವಷ್ಟು ಹರಿತ; ಮಧ್ಯಾಹ್ನದ ಹೊತ್ತಿಗೆ ದಾರವೂ ತುಂಡಾಗುವುದಿಲ್ಲ. ಮೊನೆಯ ಕಡೆ ಅಂಚಿನುದ್ದಕ್ಕೂ ನವಿಲಿನ ಕೊರಳಿನಂಥ ನೀಲಿ ಪಟ್ಟೆ ಬಂದಿದೆ. ಸ್ವೀಡನ್ನಿನ ಮೋರಾ ಚಾಕು ತರಿಸಿಕೋ ಎನ್ನುತ್ತಾರೆ ನಮ್ಮ ಭಾವ. ಇದನ್ನೇ ಉಳಿಸಿಕೊಳ್ಳಲು ದಾರಿ ಇದೆಯೇ?

ಶಿಡ್ಲಘಟ್ಟದ ಮರಗೆಲಸದವನು

ಕೊಳ್ಳುವ ಮಾತು ಆಮೇಲೆ. ಸಣ್ಣ ಹಲ್ಲಿನ ಅರವೊಂದನ್ನು ತೆಗೆದುಕೊಂಡು ನೀಲಿ ಇರುವ ಕಡೆ ಅಂಚಿನ ಮೇಲೆ ಮೆಲ್ಲಗೆ ಒಮ್ಮೆ ಎಳೆಯಿರಿ. ಹಿಡಿಯ ಪಕ್ಕದ ಅಂಚಿನ ಮೇಲೂ ಹಾಗೆಯೇ ಎಳೆಯಿರಿ. ಎಲ್ಲಿ ಕಚ್ಚುತ್ತದೆ, ಎಲ್ಲಿ ಜಾರುತ್ತದೆ ತಿಳಿಸಿ. ಮೊಂಡಾದಾಗ ಅಂಚನ್ನು ಬೆಳಕಿಗೆ ಹಿಡಿದು ನೋಡಿ: ಒಂದು ಬದಿಗೆ ಮಗುಚಿಕೊಂಡಿದೆಯೋ, ಚಕ್ಕೆ ಎದ್ದಿದೆಯೋ?

ಶ್ರೀನಿವಾಸಪುರದ ಬೆಳೆಗಾರ

ನೀಲಿ ಜಾಗದಲ್ಲಿ ಅರ ಸಲೀಸಾಗಿ ಕಚ್ಚುತ್ತದೆ. ಹಿಡಿಯ ಹತ್ತಿರ ಜಾರುತ್ತದೆ. ಚಕ್ಕೆ ಎಲ್ಲೂ ಎದ್ದಿಲ್ಲ. ಅಂಚು ಎಡಕ್ಕೆ ಮಗುಚಿಕೊಂಡಿದೆ.

ಶಿಡ್ಲಘಟ್ಟದ ಮರಗೆಲಸದವನು

ಅರ ಜಾರಿದರೆ ಉಕ್ಕು ಗಡಸು, ಕಚ್ಚಿದರೆ ಮೆತ್ತಗೆ. ಹಾಗಾದರೆ ಅನುಮಾನವೇ ಇಲ್ಲ, ಸಾಣೆಚಕ್ರದ ಬಿಸಿಗೆ ಉಕ್ಕಿನ ಹದ ಹೋಗಿದೆ. ಇಂಥ ಚಾಕುವನ್ನು ಮಾಡುವಾಗ ಕೆಂಪಗೆ ಕಾಯಿಸಿ, ಅದ್ದಿ ಗಡಸು ಮಾಡುತ್ತಾರೆ. ಆಮೇಲೆ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮತ್ತೆ ಕಾಯಿಸಿ, ಒಡೆಯದಷ್ಟು ಮೆತುತನ ಕೊಡುತ್ತಾರೆ. ಉಕ್ಕು ಅದಕ್ಕಿಂತ ಹೆಚ್ಚು ಕಾದರೆ ಗಡಸುತನ ಇಳಿಯುತ್ತಾ ಹೋಗುತ್ತದೆ. ಕಾದಂತೆ ಉಕ್ಕಿನ ಮೇಲ್ಮೈಯ ಬಣ್ಣವೂ ತಿರುಗುತ್ತದೆ: ಸುಮಾರು 220ಕ್ಕೆ ಒಣಹುಲ್ಲಿನ ಬಣ್ಣ, ಆಮೇಲೆ ಕಂದು, 300ರ ಆಸುಪಾಸಿನಲ್ಲಿ ನೀಲಿ. ನಿಮ್ಮ ಅಂಚು ಎಷ್ಟು ಕಾಯಿತು ಎಂಬುದಕ್ಕೆ ಆ ಪಟ್ಟೆಯೇ ಸಾಕ್ಷಿ. ತೆಳ್ಳಗಿನ ಅಂಚಿಗೆ ಬಿಸಿಯನ್ನು ಹಂಚಿಕೊಳ್ಳಲು ಮೈ ಇರುವುದಿಲ್ಲ. ವೇಗವಾಗಿ ತಿರುಗುವ ಒಣ ಚಕ್ರಕ್ಕೆ ಒತ್ತಿ ಹಿಡಿದರೆ ಕ್ಷಣದಲ್ಲಿ ಕೆಡುತ್ತದೆ.

ಉಪ್ಪುಕಾಗದದಿಂದ ಬಣ್ಣ ಉಜ್ಜಿ ತೆಗೆದು ಸಮಾಧಾನಪಟ್ಟುಕೊಳ್ಳಬೇಡಿ. ಬಣ್ಣ ಇರುವುದು ಮೇಲ್ಪದರದಲ್ಲಿ, ಮೆತ್ತಗಾಗಿರುವುದು ಒಳಗಿನ ಉಕ್ಕು. ಆ ಭಾಗವೇ ಸವೆದು ಹೋಗಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಒಂದು ಬದಿ ಒರಟು ಇನ್ನೊಂದು ಬದಿ ನಯ ಇರುವ ಕಾರ್ಬೊರಂಡಮ್ ಕಲ್ಲು ಸಾಕು. ಕಲ್ಲು ಒದ್ದೆಯಾಗಿಯೇ ಇರಲಿ. ಒರಟು ಬದಿಯಲ್ಲಿ ಉಜ್ಜುತ್ತಾ, ಆಗಾಗ ಅರದಿಂದ ಪರೀಕ್ಷಿಸುತ್ತಾ ಹೋಗಿ. ಅರ ಜಾರಲು ಶುರುವಾದರೆ ಒಳ್ಳೆಯ ಉಕ್ಕು ಸಿಕ್ಕಿತು ಎಂದರ್ಥ. ಅಲಗು ಒಂದೆರಡು ಮಿಲಿಮೀಟರ್ ಕಿರಿದಾಗಬಹುದು, ಆಗಲಿ.

ಆಮೇಲೆ ಅಂಚು ಕಟ್ಟಬೇಕು. ಪ್ರತಿ ಬದಿಗೆ ಸುಮಾರು 20 ಡಿಗ್ರಿ ಕೋನ ತೋಟದ ಕೆಲಸಕ್ಕೆ ಸರಿ. ಅಲಗು 25 ಮಿ.ಮೀ. ಅಗಲವಿದ್ದರೆ ಬೆನ್ನನ್ನು ಕಲ್ಲಿನಿಂದ ಎಂಟು ಒಂಬತ್ತು ಮಿ.ಮೀ. ಎತ್ತಿ ಹಿಡಿದಾಗ ಆ ಕೋನ ಬರುತ್ತದೆ. ಒಂದೇ ಬದಿ ಉಜ್ಜುತ್ತಿರಿ, ಆಚೆ ಬದಿಯ ಅಂಚಿನಲ್ಲಿ ಬೆರಳಿಗೆ ತಡೆಯುವ ಸಣ್ಣ ಎಳೆಯೊಂದು ಏಳುವವರೆಗೆ. ಅದು ಏಳದೆ ಬದಿ ಬದಲಿಸಿದರೆ ಎಷ್ಟು ಉಜ್ಜಿದರೂ ಹರಿತ ಬರುವುದಿಲ್ಲ. ಬಹಳ ಜನ ಸೋಲುವುದು ಇಲ್ಲಿಯೇ. ಎರಡೂ ಬದಿಗೆ ಎಳೆ ಬಂದ ಮೇಲೆ ನಯ ಬದಿಯಲ್ಲಿ ಹಗುರವಾಗಿ ಉಜ್ಜಿ, ಹಳೆಯ ಚರ್ಮದ ಬೆಲ್ಟಿನ ಮೇಲೆ ಬೆನ್ನು ಮುಂದಾಗಿ ಎಳೆದು ಆ ಎಳೆಯನ್ನು ಕಳೆಯಿರಿ. ಅದು ಉಳಿದರೂ ಮೊದಲಿಗೆ ಕೂದಲು ಬೋಳಿಸುತ್ತದೆ, ಆದರೆ ಬೇಗ ಮಗುಚಿಕೊಳ್ಳುತ್ತದೆ. ಪರೀಕ್ಷೆಗೆ ನಿಮ್ಮದೇ ಹಣ್ಣಾದ ಟೊಮೆಟೊ ಇದೆಯಲ್ಲ: ಒತ್ತದೆ ಇಟ್ಟು ಎಳೆದಾಗ ಸಿಪ್ಪೆಗೆ ಇಳಿಯಬೇಕು.

ತಿಪಟೂರಿನಿಂದ

ಇಷ್ಟೆಲ್ಲ ಪಾಡೇಕೆ? ಲಾರಿಯ ಕಮಾನು ಪಟ್ಟಿ ಕೊಟ್ಟು ಕಮ್ಮಾರರ ಹತ್ತಿರ ಮಾಡಿಸಿ. ನಮ್ಮ ಕಡೆ ತೆಂಗಿನ ತೋಟದ ಮಚ್ಚುಗಳೆಲ್ಲ ಅದರವೇ. ಇಲ್ಲವೇ ಹಳೆಯ ಪವರ್ ಹ್ಯಾಕ್ಸಾ (ಕಬ್ಬಿಣ ಕೊಯ್ಯುವ ಯಂತ್ರದ ಗರಗಸ) ಬ್ಲೇಡಿನದು ಮಾಡಿಸಿ, ಸಾಣೆಚಕ್ರಕ್ಕೆ ಅದು ಜಗ್ಗುವುದಿಲ್ಲ.

ಶಿಡ್ಲಘಟ್ಟದ ಮರಗೆಲಸದವನು

ಅಣ್ಣ, ಮಚ್ಚಿಗೆ ಕಮಾನು ಪಟ್ಟಿಯನ್ನು ಮೀರಿಸಿದ್ದಿಲ್ಲ, ಒಪ್ಪುತ್ತೇನೆ. ಪೆಟ್ಟು ತಡೆಯುತ್ತದೆ. ಆದರೆ ಅದನ್ನು ಎರಡೂವರೆ ಮಿಲಿಮೀಟರಿಗೆ ತೆಳುಗೊಳಿಸಿಕೊಡಿ ಎಂದು ನಿಂತು ಹೇಳದಿದ್ದರೆ ಚಾಕು ಎಂಬ ಹೆಸರಿನಲ್ಲಿ ಪುಟ್ಟ ಮಚ್ಚೇ ಕೈಗೆ ಬರುತ್ತದೆ. ದಪ್ಪ ಅಲಗು ಎಷ್ಟೇ ಹರಿತವಿದ್ದರೂ ಮಾವಿನಕಾಯಿಯನ್ನು ಹೆಚ್ಚುವುದಿಲ್ಲ, ಸೀಳುತ್ತದೆ. ಹ್ಯಾಕ್ಸಾ ಬ್ಲೇಡಿನ ಹೈಸ್ಪೀಡ್ ಉಕ್ಕು ಬಿಸಿ ತಡೆಯುವುದು ನಿಜ. ಆದರೆ ಕೆಲವು ಬ್ಲೇಡುಗಳಲ್ಲಿ ಹಲ್ಲಿನ ಅಂಚು ಮಾತ್ರ ಆ ಉಕ್ಕು, ಉಳಿದದ್ದು ಬೇರೆ. ಪೂರ್ತಿ ಅದೇ ಉಕ್ಕಿನದಾದರೆ ಮೀಟಲು ಹೋದಾಗ ಪಟ್ಟನೆ ಮುರಿಯುತ್ತದೆ.

ಮೋರಾ ಬಗ್ಗೆ ಕೇಳಿದ್ದಿರಿ. ಸ್ವೀಡನ್ನಿನ ಮೋರಾ ಎಂಬ ಊರಿನ ಕಡೆಯ ಚಾಕುಗಳವು. ಅವರ ಕಂಪ್ಯಾನಿಯನ್ ಮಾದರಿಯ ಅಲಗು ಸುಮಾರು 10 ಸೆಂ.ಮೀ. ಉದ್ದ, 2.5 ಮಿ.ಮೀ. ದಪ್ಪ. ಅಂಚಿನ ಇಳಿಜಾರು ಅಗಲವಾಗಿ ಚಪ್ಪಟೆಯಾಗಿದೆ, ಅದನ್ನೇ ಕಲ್ಲಿನ ಮೇಲೆ ಒರಗಿಸಿ ಉಜ್ಜಿದರಾಯಿತು, ಕೋನ ಊಹಿಸುವ ಕಷ್ಟವಿಲ್ಲ. ಮುಂದೊಂದು ದಿನ ಕೊಳ್ಳುವುದಾದರೆ ನಿಮಗೆ ಸ್ಟೇನ್‌ಲೆಸ್ ಹೇಳುತ್ತೇನೆ, ದಿನವಿಡೀ ಟೊಮೆಟೊ, ಮಾವಿನ ಹುಳಿಯಲ್ಲಿ ಆಡುವ ಕೈ ನಿಮ್ಮದು. ಆದರೆ ಅದನ್ನೂ ಒಣ ಚಕ್ರಕ್ಕೆ ಕೊಟ್ಟರೆ ಇದೇ ಗತಿ. ಅದಕ್ಕಾಗಿಯೇ ಮೊದಲು ಕಲ್ಲು, ಆಮೇಲೆ ಚಾಕು.

ಇನ್ನೊಂದು ಮಾತು. ನೆಲದ ಮೇಲಿನ ಡ್ರಿಪ್ ಪೈಪಿಗೆ ಅಂಟಿದ ಮರಳು ಅಂಚಿಗೆ ದೊಡ್ಡ ಶತ್ರು. ಒರೆಸಿ ಕತ್ತರಿಸಿ, ಅಥವಾ ಆ ಕೆಲಸಕ್ಕೆ ಗಿಡ ಸವರುವ ಕತ್ತರಿಯನ್ನೇ ಇಟ್ಟುಕೊಳ್ಳಿ.

ಶ್ರೀನಿವಾಸಪುರದ ಬೆಳೆಗಾರ

ಕಲ್ಲು ತಂದು ಉಜ್ಜಿದೆ. ಅರ ಈಗ ಎಲ್ಲ ಕಡೆಯೂ ಜಾರುತ್ತದೆ, ಸಂಜೆಯವರೆಗೂ ಹರಿತ ನಿಲ್ಲುತ್ತಿದೆ, ತುಂಬಾ ಉಪಕಾರವಾಯಿತು. ಇನ್ನೆರಡು ಸಂದೇಹ. ಚರ್ಮದ ಒರೆಯಲ್ಲಿ ರಾತ್ರಿ ಇಟ್ಟರೆ ತುಕ್ಕಿನ ಚುಕ್ಕೆ ಏಳುತ್ತದೆ. ಸೊಂಟಕ್ಕೆ ಸಿಕ್ಕಿಸಿಕೊಂಡು ಕೋಲಾರದ ಮಾರುಕಟ್ಟೆಗೆ ಹೋದರೆ ತೊಂದರೆಯೇ?

ಶಿಡ್ಲಘಟ್ಟದ ಮರಗೆಲಸದವನು

ಶಸ್ತ್ರಾಸ್ತ್ರ ನಿಯಮಗಳು, 2016 ಆಯುಧವೆಂದು ಹೆಸರಿಸುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು. ಮನೆ ಮತ್ತು ಬೇಸಾಯದ ಬಳಕೆಗೆ ಮಾಡಿದವನ್ನು ಅಲ್ಲಿಯೂ ಹೊರಗಿಟ್ಟಿದೆ. ಆದರೂ ಜನಸಂದಣಿಯಲ್ಲಿ ಸೊಂಟದ ಚಾಕು ಬೇಡ, ಚೀಲದೊಳಗೆ ಇರಲಿ.

ಚರ್ಮ ಬೆವರನ್ನೂ ನೀರನ್ನೂ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ರಾತ್ರಿ ಚಾಕು ಒರೆಯಿಂದ ಹೊರಗಿರಲಿ. ಹುಳಿ ತಾಗಿದ ಕೂಡಲೇ ತೊಳೆದು ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ತಿನ್ನುವ ಪದಾರ್ಥಕ್ಕೂ ಅದೇ ಚಾಕು ಆಗಿರುವುದರಿಂದ ಯಂತ್ರದ ಎಣ್ಣೆ ಬೇಡ. ಅಲಗಿನ ಮೇಲೆ ಬೂದುಗಪ್ಪು ಕಲೆಗಳು ಬಂದರೆ ಹೆದರಬೇಡಿ, ಹುಳಿ ತಾಗಿದ ಉಕ್ಕು ಹಾಗೆಯೇ ಬಣ್ಣ ತಿರುಗುತ್ತದೆ. ಉಜ್ಜಿ ತೆಗೆಯಬೇಕಾದದ್ದು ಕೆಂಪು ತುಕ್ಕನ್ನು ಮಾತ್ರ.