ಸಹಾಯ ಬೇಕು: ನನ್ನ ಡೂಮ್ 2 ಲೆವೆಲ್‌ನಲ್ಲಿ ಎಲ್ಲರೂ ಒಂದೇ ಕಡೆ ಸಿಕ್ಕಿಹಾಕಿಕೊಳ್ಳುತ್ತಿದ್ದಾರೆ

ಎಲ್ಲರಿಗೂ ನಮಸ್ಕಾರ. ಅಲ್ಟಿಮೇಟ್ ಡೂಮ್ ಬಿಲ್ಡರ್ ಅನ್ನೋ ಲೆವೆಲ್ ಎಡಿಟರ್‌ನಲ್ಲಿ ಡೂಮ್ 2 ಶೂಟಿಂಗ್ ಗೇಮ್‌ಗೆ ನನ್ನ ಮೊದಲ ಲೆವೆಲ್ ಮಾಡುತ್ತಿದ್ದೇನೆ. ಚಿಕ್ಕದೇ. ಒಂದು ಅಂಗಳ, ಸುತ್ತ ಕೋಣೆಗಳು. ಒಂದು ಕೋಣೆಯಲ್ಲಿ ಸ್ವಿಚ್ ಒತ್ತಿದರೆ ಅಂಗಳದ ಆಚೆ ಬದಿಯ ಗೋಡೆ ಕೆಳಗಿಳಿದು ನೀಲಿ ಕೀ ಕಾಣಿಸುತ್ತದೆ.

ಗೆಳೆಯರಿಗೆ ಆಡಲು ಕೊಟ್ಟರೆ ಸ್ವಿಚ್ ಒತ್ತುತ್ತಾರೆ, ಏನೂ ಆಗಲಿಲ್ಲ ಅಂದುಕೊಳ್ಳುತ್ತಾರೆ, ಆಮೇಲೆ ಕಂಡ ಕಂಡ ಗೋಡೆಯನ್ನೆಲ್ಲ ತಟ್ಟುತ್ತಾ ತಿರುಗುತ್ತಾರೆ. ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದೇ ಒಂದು ಶಿಕ್ಷೆ!

ಆ ಗೋಡೆ ಇರುವ ಸೆಕ್ಟರ್‌ನ (ಲೆವೆಲ್‌ನ ಒಂದು ಭಾಗ) ಬೆಳಕನ್ನು 128ರಿಂದ 208ಕ್ಕೆ ಏರಿಸಿದೆ. ಗೋಡೆಗೆ ಬೇರೆ ಟೆಕ್ಸ್ಚರ್ (ಮೇಲ್ಮೈ ಚಿತ್ರ) ಹಾಕಿದೆ. ಈಗ ಸ್ವಿಚ್ ಹುಡುಕುವ ಮೊದಲೇ ಅದನ್ನು ಬಾಗಿಲು ಅಂದುಕೊಂಡು ಅಲ್ಲೇ ಗುದ್ದಾಡುತ್ತಾರೆ. ನೆಲದ ಮೇಲೆ ಬಾಣ ಹಾಕಬಹುದು, ಆದರೆ ಅದು ಸುಮ್ನೆ ಕೈಹಿಡಿದು ನಡೆಸಿದ ಹಾಗೆ ಅಲ್ವಾ?

ಎರಡು ಯೋಚನೆ ಉಳಿದಿದೆ. ಸ್ವಿಚ್ ಪಕ್ಕ ಕಿಟಕಿ ಇಟ್ಟು ಗೋಡೆ ಇಳಿಯುವುದನ್ನು ಅಲ್ಲಿಂದಲೇ ತೋರಿಸುವುದು. ಇಲ್ಲದಿದ್ದರೆ ಗೋಡೆ ಹಿಂದೆ ಇಂಪ್‌ಗಳನ್ನು (ಆಟದ ಶತ್ರು ಜೀವಿಗಳು) ಕೂಡಿಹಾಕುವುದು. ಅವು ಹೊರಬಂದ ದಿಕ್ಕು ನೋಡಿ ಆಟಗಾರ ಅತ್ತ ಹೋಗಲಿ ಅಂತ. ಕಿಟಕಿ ಇಡಲು ಕೋಣೆಯನ್ನೇ ತಿರುಗಿಸಿ ಕಟ್ಟಬೇಕು, ಕೆಲಸ ಜಾಸ್ತಿ.

ಲೆವೆಲ್ ಮಾಡಿ ಅನುಭವ ಇರುವವರು ಹೇಳಿ: ಕಿಟಕಿಗಾಗಿ ಕೋಣೆ ಮತ್ತೆ ಕಟ್ಟುವುದು ಒಳ್ಳೆಯದಾ, ಇಂಪ್‌ಗಳೇ ಸಾಕಾ?